ಫೋಟೋ ಒಬ್ಬರದ್ದು, ಲೆನ್ಸ್ ಇನ್ನೊಬ್ಬರದ್ದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಕ್ಯಾಮೆರಾ ಲೆನ್ಸುಗಳ ಹುಚ್ಚಿನ ಬಗ್ಗೆ ಬಂದ ಬರಹ ಓದಿದೆ. ಬರೆದವರ ದೂರು ಮೂರು. ಇದು ದುಡ್ಡು ದಂಡ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಮಸುಕು ಹಿನ್ನೆಲೆ ಸಿಗುತ್ತದೆ. ಮತ್ತು ಇದು ಮನೆಮಂದಿಯ ಜೊತೆ ಮಾತು ಬಿಟ್ಟ ಒಂಟಿ ಗಂಡಸರ ಆಟ. ಮೊದಲ ಎರಡರಲ್ಲಿ ಸತ್ಯ ಇಲ್ಲದಿಲ್ಲ. ಮೂರನೆಯದಕ್ಕೆ ಉತ್ತರ ಕೊಡದೆ ಇರಲಾರೆ.

ನಾನು ಮುಲುಂಡಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಕಾರ್ಕಳದ ಕಡೆಯವನು. ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದೆ, ಆಮೇಲೆ ಕನ್ನಡಕದ ಗಾಜು ಉಜ್ಜುವ ಕೆಲಸ ಹಿಡಿದೆ, ಅದರಿಂದಲೇ ಅಂಗಡಿಯಾಯಿತು. ವಾರವಿಡೀ ಪ್ಲಸ್, ಮೈನಸ್, ಸಿಲಿಂಡರ್, ಆಕ್ಸಿಸ್. ಭಾನುವಾರ ಬೆಳಿಗ್ಗೆ ಮಾತ್ರ ಬೇರೆ ಜಾತಿಯ ಗಾಜು. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನನಗೆ ಸ್ವಲ್ಪ ಹೆಚ್ಚೇ ಇದೆ ಎಂದುಕೊಂಡಿದ್ದೇನೆ.

ಒಪ್ಪುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಬೆಲೆ ಏರಿರುವುದು ನಿಜ. ಸೋವಿಯತ್ ಕಾಲದ ಹೀಲಿಯೋಸ್ 44 ಎಂಬ ಲೆನ್ಸನ್ನು ಜರ್ಮನಿಯ ಯೇನಾದ ಕಾರ್ಲ್ ಝೈಸ್ ಕಂಪನಿಯ ಬಯೋಟಾರ್ ನಕ್ಷೆ ಇಟ್ಟುಕೊಂಡು ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯವರು ಮಾಡತೊಡಗಿದ್ದು. ಝೆನಿತ್ ಕ್ಯಾಮೆರಾ ಕೊಂಡವರಿಗೆಲ್ಲ ಅದರ ಜೊತೆಗೇ ಬರುತ್ತಿದ್ದ ಮಾಮೂಲಿ ಲೆನ್ಸ್ ಅದು. ಲಕ್ಷಗಟ್ಟಲೆ ತಯಾರಾದ ಅಂಥದ್ದಕ್ಕೂ ಈಗ ‘ಅಪರೂಪದ್ದು’ ಎಂದು ಚೀಟಿ ಅಂಟಿಸಿ ಮಾರುವವರಿದ್ದಾರೆ. ಅದನ್ನು ನಂಬಿ ಕೊಳ್ಳುವವರೂ ಇದ್ದಾರೆ. ಕೊಂಡು, ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಆ ಕಪಾಟಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಎಲ್ಲರಿಗೂ ಕಳಿಸುವವರನ್ನು ನಾನೂ ಕಂಡಿದ್ದೇನೆ. ಅವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ.

ಮೊಬೈಲಿನ ಮಾತೂ ಅಷ್ಟೆ. ಅದು ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಕೂದಲಿನ ಅಂಚು, ಕನ್ನಡಕದ ಕಡ್ಡಿ, ಕೈಯಲ್ಲಿರುವ ಹೂವಿನ ತೊಟ್ಟು ಇಂಥಲ್ಲಿ ಎಡವುತ್ತದೆ. ವರ್ಷದಿಂದ ವರ್ಷಕ್ಕೆ ಕಮ್ಮಿ ಎಡವುತ್ತದೆ. ನನ್ನ ಮೊಮ್ಮಗನ ನಾಮಕರಣದ ಫೋಟೋ ಎಲ್ಲ ಮೊಬೈಲಿನದ್ದೇ, ಚೆನ್ನಾಗಿಯೇ ಬಂದಿವೆ.

ಈಗ ಮೂರನೆಯದು. ಒಂಟಿ ಗಂಡಸರ ಆಟ ಎಂದಿರಲ್ಲ, ನಮ್ಮ ಗುಂಪನ್ನು ಸ್ವಲ್ಪ ಹೇಳುತ್ತೇನೆ. ನಮ್ಮದು ಸಂಘ ಅಲ್ಲ. ಅಧ್ಯಕ್ಷರಿಲ್ಲ, ಖಜಾಂಚಿ ಇಲ್ಲ, ಹಾಗಾಗಿ ಜಗಳವೂ ಕಡಿಮೆ. ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಕುಂದಾಪುರದ ಶೆಟ್ರು. ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಕಾರವಾರದವರು ಒಬ್ಬರು, ಎಲ್ಲರಿಗೂ ‘ಮಾಮ’. ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಧಾರವಾಡದ ಹುಡುಗಿ. ಗಿರ್ಗಾಂವಿನ ಮರಾಠಿ ದಾದಾ, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಕನ್ನಡ ಮಾತಾಡಲು ಬರುವುದಿಲ್ಲ, ಆದರೆ ನಮ್ಮ ಕಾಗುಣಿತದ ತಪ್ಪನ್ನು ಆಕಾರ ನೋಡಿಯೇ ಹಿಡಿಯುತ್ತಾರೆ. ಜೊತೆಗೆ ನಾನು. ಆಗಾಗ ಬಂದು ಹೋಗುವವರು ಬೇರೆ. ಈ ಐದು ಜನ ಬೇರೆ ಯಾವ ಕಾರಣಕ್ಕೂ ಒಂದು ಟೇಬಲ್ಲಿಗೆ ಕೂರುವವರಲ್ಲ. ಕೂರಿಸಿದ್ದು ಹಳೆಯ ಲೆನ್ಸುಗಳು. ಅದೂ ಅವುಗಳ ಗುಣದಿಂದಲ್ಲ, ಕೊರತೆಗಳಿಂದ. ನನ್ನ ಪತ್ರದಲ್ಲಿ ಇರುವುದು ಇದೊಂದೇ ವಾದ, ಸ್ವಲ್ಪ ವಿವರಿಸಲು ಬಿಡಿ.

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ, ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲಿ ತಾವೇ ಫೋಕಸ್ ಮಾಡುವುದು ರೂಢಿಯಾಯಿತು. ಅದಕ್ಕೆ ಮೊದಲಿನ ಹೆಚ್ಚಿನ ಲೆನ್ಸುಗಳಲ್ಲಿ ಮೋಟಾರೂ ಇಲ್ಲ, ವಿದ್ಯುತ್ ತಂತಿಯೂ ಇಲ್ಲ. ಫೋಕಸ್ಸಿಗೆ ಒಂದು ಉಂಗುರ, ಬೆಳಕಿನ ತೂತು ಹಿಗ್ಗಿಸಿ ಕುಗ್ಗಿಸಲು ಇನ್ನೊಂದು ಉಂಗುರ, ಎರಡನ್ನೂ ಕೈಯಿಂದಲೇ ತಿರುಗಿಸಬೇಕು. ಇವು ಇವತ್ತಿನ ಡಿಜಿಟಲ್ ಕ್ಯಾಮೆರಾಕ್ಕೆ ಹೇಗೆ ಹೊಂದುತ್ತವೆ? ಹಿಂದಿನ ಕ್ಯಾಮೆರಾಗಳ ಒಳಗೆ ಕನ್ನಡಿ ಇತ್ತು, ಅದಕ್ಕೆ ಜಾಗ ಬಿಡಬೇಕಿತ್ತು. 42 ಮಿಲಿಮೀಟರ್ ಅಗಲದ ತಿರುಪಿನ ಲೆನ್ಸು ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಕೂರುತ್ತಿತ್ತು. ಈಗಿನ ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ ಆ ದೂರ ತುಂಬ ಕಮ್ಮಿ, ಸೋನಿಯದ್ದರಲ್ಲಿ 18 ಮಿಲಿಮೀಟರ್ ಮಾತ್ರ. ಉಳಿದ ಜಾಗಕ್ಕೆ ಒಂದು ಟೊಳ್ಳು ಲೋಹದ ಅಡಾಪ್ಟರ್ ಹಾಕಿದರೆ ಮುಗಿಯಿತು. ಒಳಗೆ ಗಾಜು ಬೇಡ, ಏನೂ ಬೇಡ. ಅರವತ್ತು ವರ್ಷದ ಹಿಂದಿನ ಪೂರ್ವ ಜರ್ಮನಿಯ ಲೆನ್ಸು ನಿನ್ನೆ ಕೊಂಡ ಜಪಾನಿನ ಕ್ಯಾಮೆರಾದ ಮೇಲೆ ಕೂರುತ್ತದೆ.

ಆದರೆ ಕ್ಯಾಮೆರಾಕ್ಕೆ ತನ್ನ ಮುಂದೆ ಯಾವ ಲೆನ್ಸ್ ಇದೆ ಎಂಬುದೇ ತಿಳಿಯುವುದಿಲ್ಲ. ಫೋಟೋದ ಫೈಲು ತೆರೆದು ನೋಡಿ: ಷಟರ್ ವೇಗ ಇರುತ್ತದೆ, ಐಎಸ್‌ಒ ಇರುತ್ತದೆ, ತಾರೀಖು ಇರುತ್ತದೆ. ಲೆನ್ಸಿನ ಹೆಸರಿನ ಜಾಗ ಖಾಲಿ. ಅಪರ್ಚರ್, ಅಂದರೆ ಬೆಳಕಿನ ತೂತಿನ ಅಳತೆ, ಅದರ ಜಾಗದಲ್ಲಿ ಸೊನ್ನೆ, ಇಲ್ಲವೇ ಎರಡು ಸಣ್ಣ ಗೆರೆ. ಹೊಸ ಲೆನ್ಸ್ ಇಟ್ಟುಕೊಂಡವರು ಯಾರನ್ನೂ ಏನೂ ಕೇಳಬೇಕಾಗಿಲ್ಲ, ಎಲ್ಲ ಫೈಲಿನಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಕೇಳಲೇಬೇಕು. ‘ಇದು ಯಾವುದರಲ್ಲಿ ತೆಗೆದದ್ದು? ಎಷ್ಟು ತೆರೆದಿದ್ದಿರಿ?’ ಕೇಳಿದ ಮೇಲೆ ಎದುರಿನವರು ನೆನಪಿಸಿಕೊಂಡು ಹೇಳಬೇಕು. ಹೇಳುವಾಗ ಅಪರ್ಚರ್ ಜೊತೆ ಅವತ್ತಿನ ಬಿಸಿಲು, ಕುಡಿದ ಚಹಾ, ರೈಲು ತಪ್ಪಿದ್ದು, ಅದೂ ಇದೂ ಬರುತ್ತದೆ.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ ಬಂತು. ದಾದಾ ಮಾಡಿದ್ದು. ಫೋಟೋ ತೋರಿಸಬೇಕಾದರೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ತರಬೇಕು, ನಾಲ್ಕು-ಆರು ಇಂಚಿನದ್ದು ಸಾಕು. ಹಿಂಬದಿಯಲ್ಲಿ ಎಲ್ಲಿ, ಯಾವ ಲೆನ್ಸ್, ಎಷ್ಟು ತೆರೆದಿತ್ತು (ಎಫ್ ಸಂಖ್ಯೆ; ಅದು ಚಿಕ್ಕದಾದಷ್ಟೂ ತೂತು ದೊಡ್ಡದು), ಮತ್ತು ಲೆನ್ಸ್ ಯಾರದ್ದು ಎಂದು ಕೈಬರಹದಲ್ಲಿ ಬರೆದಿರಬೇಕು. ಪೆನ್ಸಿಲ್ ಉತ್ತಮ, ಪೆನ್ನಿನ ಶಾಯಿ ಮುಂದಿನ ಪ್ರಿಂಟಿಗೆ ಅಂಟುತ್ತದೆ. ಮಾಮ ಬರೆಯುವುದು ಹೀಗೆ: ‘ಸಾಸೂನ್ ಡಾಕ್. ಟೆಸ್ಸಾರ್ 50, ಎಫ್ 4. ಲೆನ್ಸ್ ದಾದಾನದು. ಸಿಗಡಿ ಸುಲಿಯುತ್ತಿದ್ದ ಹೆಂಗಸು ನನ್ನನ್ನು ಬೈದದ್ದು ಕೊಂಕಣಿಗೆ ಹತ್ತಿರದ ಭಾಷೆಯಲ್ಲಿ, ಆದ್ದರಿಂದ ಪೂರ್ತಿ ಅರ್ಥವಾಯಿತು.’ ಧಾರವಾಡದ ಹುಡುಗಿ ಒಂದು ಸಾಲು ಬರೆದು ಬಿಡುತ್ತಾಳೆ. ಶೆಟ್ರು ಹೋಟೆಲಿನ ಬಿಲ್ ಪುಸ್ತಕದ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು.

ಟೆಸ್ಸಾರ್ ಎಂದೆ. ಅದರ ಬಗ್ಗೆ ಗಾಜಿನ ಕೆಲಸದವನಾಗಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1902ರಲ್ಲಿ ಝೈಸ್ ಕಂಪನಿಯ ಪೌಲ್ ರುಡಾಲ್ಫ್ ಮಾಡಿದ ನಕ್ಷೆ. ಮೂರು ಗುಂಪಿನಲ್ಲಿ ನಾಲ್ಕೇ ನಾಲ್ಕು ಗಾಜು. ಇವತ್ತಿನ ಜೂಮ್ ಲೆನ್ಸಿನಲ್ಲಿ ಹದಿನೈದು, ಇಪ್ಪತ್ತು ಗಾಜು ಇರುತ್ತವೆ. ನಾಲ್ಕು ಗಾಜಿನಲ್ಲಿ ಅಷ್ಟು ಸಾಧಿಸಿದ ಮನುಷ್ಯನಿಗೆ ನನ್ನಂಥ ಉಜ್ಜುವವರ ಕಡೆಯಿಂದ ಒಂದು ನಮಸ್ಕಾರ ಸಲ್ಲಬೇಕು.

ಮಳೆಗಾಲದಲ್ಲಿ ಊರಿನ ಕಡೆ ಯಕ್ಷಗಾನದ ಬಯಲಾಟ ನಿಲ್ಲುತ್ತದೆ, ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಮಾಟುಂಗ, ಕುರ್ಲಾ, ಡೊಂಬಿವಲಿ ಕಡೆಯ ಸಭಾಗೃಹಗಳಲ್ಲಿ ಆಟ. ಅದರ ಫೋಟೋ ತೆಗೆಯಲು ನಮ್ಮ ಗುಂಪಿನಲ್ಲಿ ಸರಿಯಾದ ಲೆನ್ಸ್ ಇರುವುದು ಒಂದೇ: ಜ್ಯೂಪಿಟರ್ 9, 85 ಎಂಎಂ, ಎಫ್ 2. ಅದೂ ಸೋವಿಯತ್ ಮಾಲು, ಯುದ್ಧಕ್ಕೆ ಮೊದಲಿನ ಝೈಸ್ ಸೋನ್ನಾರ್ ವಂಶದ್ದು. ಒಳಗೆ ಹದಿನೈದು ಎಲೆಗಳ ಕವಾಟ, ತೂತು ಯಾವಾಗಲೂ ಪೂರ್ತಿ ದುಂಡಗೆ. ಮಾಮನ ಭಾವ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ ಯಾವುದೋ ರಷ್ಯದ ಬಂದರಿನಿಂದ ತಂದದ್ದು. ಮಾಮನಿಗೆ ಯಕ್ಷಗಾನದಲ್ಲಿ ಆಸಕ್ತಿ ಇಲ್ಲ. ಆಸಕ್ತಿ ಇರುವವರು ನಾನು ಮತ್ತು ಶೆಟ್ರು. ಯಕ್ಷಗಾನದ ಎರಡು ಶೈಲಿಗಳಲ್ಲಿ ನಾನು ತೆಂಕು, ಅವರು ಬಡಗು. ಲೆನ್ಸ್ ಒಂದು, ಕಣ್ಣಿಟ್ಟವರು ಇಬ್ಬರು.

ಆಟದ ದಿನ ಒಪ್ಪಂದ ಹೀಗೆ: ಒಡ್ಡೋಲಗದವರೆಗೆ, ಅಂದರೆ ವೇಷಗಳು ರಂಗಕ್ಕೆ ಮೊದಲು ಬರುವ ಕುಣಿತದವರೆಗೆ, ಒಬ್ಬರು, ಯುದ್ಧಕ್ಕೆ ಇನ್ನೊಬ್ಬರು. ತೆಂಕಿನ ಆಟವಾದರೆ ಯುದ್ಧ ನನ್ನದು, ಬಡಗಾದರೆ ಅವರದ್ದು. ನಾನು ಒಡ್ಡೋಲಗದಲ್ಲಿ ಮೈಮರೆತು ಲೆನ್ಸ್ ಹಿಡಿದುಕೊಂಡೇ ಕೂತರೆ ಹಿಂದಿನಿಂದ ಬೆನ್ನಿಗೆ ಒಂದು ತಟ್ಟು. ‘ಹ್ವಾಯ್, ಯುದ್ಧ ಶುರು ಆಯ್ತ್, ಕೊಡಿ ಕಾಂಬ.’ ಕೊಟ್ಟ ಮೇಲೆ ಕೈ ಖಾಲಿ. ಆಗ ನಾನು ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ ಹೋಗಿ ಕೂರುತ್ತೇನೆ. ಬಣ್ಣದ ವೇಷದವರು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಒಂದೊಂದೇ ಇಡುವುದನ್ನು ನೋಡುತ್ತ, ಹೀಲಿಯೋಸ್‌ನಲ್ಲಿ ಹತ್ತಿರದಿಂದ ಮುಖ ತೆಗೆಯುತ್ತ. ನನ್ನ ಒಳ್ಳೆಯ ಫೋಟೋಗಳೆಲ್ಲ ಚೌಕಿಯದ್ದೇ. ಜ್ಯೂಪಿಟರ್ ಎರಡು ಇದ್ದಿದ್ದರೆ ನಾನು ಚೌಕಿಯ ಬಾಗಿಲು ದಾಟುತ್ತಿರಲಿಲ್ಲ.

ರಂಗದ ಮೇಲಿನ ಕುಣಿತವನ್ನು ಕೈ ಫೋಕಸ್ಸಿನಲ್ಲಿ ಹಿಡಿಯುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಧೀಂಗಿಣ (ಗಿರಕಿ) ಹೊಡೆಯುವ ವೇಷದ ಹಿಂದೆ ಉಂಗುರ ತಿರುಗಿಸುತ್ತ ಹೋದರೆ ಕೆಟ್ಟಿರಿ. ಆರು ಮೀಟರ್ ದೂರದಲ್ಲಿ, 85 ಎಂಎಂ ಲೆನ್ಸನ್ನು ಎಫ್ 2ಕ್ಕೆ ಪೂರ್ತಿ ತೆರೆದರೆ ಸ್ಪಷ್ಟವಾಗಿ ಬೀಳುವ ಆಳ ಹೆಚ್ಚೆಂದರೆ 60 ಸೆಂಟಿಮೀಟರ್. ಆದ್ದರಿಂದ ಮೊದಲೇ ರಂಗದ ನಡುವಿನ ಒಂದು ಹಲಗೆಯನ್ನೋ ಜಮಖಾನದ ಒಂದು ಹೂವನ್ನೋ ಗುರುತಿಟ್ಟು ಅಲ್ಲಿಗೆ ಫೋಕಸ್ ಕಟ್ಟಿಹಾಕಬೇಕು. ಆಮೇಲೆ ಚೆಂಡೆ ಕೇಳುತ್ತ ಕಾಯಬೇಕು. ಪೆಟ್ಟು ಏರಿ ವೇಷ ಆ ಹೂವಿನ ಮೇಲೆ ಬರುವ ಹೊತ್ತು ಕಿವಿಗೆ ಮೊದಲು ತಿಳಿಯುತ್ತದೆ. ತಾಳ ಗೊತ್ತಿಲ್ಲದವರಿಗೆ ಇದು ಬರುವುದಿಲ್ಲ. ಧಾರವಾಡದ ಹುಡುಗಿಗೆ ಬರಲಿಲ್ಲ, ಸಿಟ್ಟು ಮಾಡಿಕೊಂಡು ಶೆಟ್ರ ಹತ್ತಿರ ಏಕತಾಳ, ರೂಪಕತಾಳ ಬೆರಳೆಣಿಸಲು ಕೂತಳು. ಈಗ ಭಾಗವತರ ಪದ ಕೇಳಲಿಕ್ಕೇ ಬರುತ್ತಾಳೆ, ಕೆಲವೊಮ್ಮೆ ಕ್ಯಾಮೆರಾ ಚೀಲದಿಂದ ಹೊರಗೇ ಬರುವುದಿಲ್ಲ.

ಪ್ರಿಂಟು ವೇಷಧಾರಿಗಳಿಗೂ ಸಲ್ಲುತ್ತದೆ, ಅದು ಇನ್ನೊಂದು ಕಟ್ಟಳೆ. ಮುಂದಿನ ಆಟಕ್ಕೆ ಬಂದಾಗ ಕೈಗೆ ಕೊಡುವುದು. ಅವರು ಫೋಟೋ ನೋಡುವ ರೀತಿ ನಮ್ಮ ಹಾಗಲ್ಲ. ಜ್ಯೂಪಿಟರ್ ಎಫ್ 2ರಲ್ಲಿ ಸ್ವಲ್ಪ ಮೆತ್ತಗೆ ಬರೆಯುತ್ತದೆ, ಅಂಚಿನಲ್ಲಿ ಬೆಳಕು ಹಬ್ಬುತ್ತದೆ ಎಂದು ನಾವು ತಲೆ ಕೆಡಿಸಿಕೊಂಡಿದ್ದರೆ, ಹಿರಿಯ ಕಲಾವಿದರೊಬ್ಬರು ನೋಡಿದ್ದು ಬೇರೆಯೇ: ‘ಕಿರೀಟ ಬಲಕ್ಕೆ ವಾಲಿದೆ, ಕಟ್ಟಿದವನಿಗೆ ಇದನ್ನು ತೋರಿಸಬೇಕು.’ ಪ್ರಿಂಟು ಜೇಬಿಗೆ ಹೋಯಿತು. ಪ್ರದರ್ಶನ, ಬಹುಮಾನಗಳಿಗಿಂತ ಇದು ನನಗೆ ಹೆಚ್ಚು, ಇದನ್ನು ಸ್ವಲ್ಪ ಜಂಭದಿಂದಲೇ ಹೇಳುತ್ತಿದ್ದೇನೆ.

ಗೆಳೆತನ ಎಂದರೆ ಹೊಗಳಿಕೆ ಎಂದು ಯಾರೂ ತಿಳಿಯಬಾರದು. ಹೀಲಿಯೋಸ್‌ನಲ್ಲಿ ತೆಗೆದ ಚಿತ್ರದ ಹಿನ್ನೆಲೆ ಸುಳಿಯ ಹಾಗೆ ಸುತ್ತುತ್ತದೆ, ಅದಕ್ಕೇ ಅದು ಹೆಸರುವಾಸಿ. ಇದು ಮಂತ್ರವೇನಲ್ಲ. ಅಂಚಿನಲ್ಲಿ ಬೀಳುವ ಬೆಳಕಿಗೆ ಲೆನ್ಸಿನ ಕೊಳವೆ ಅಡ್ಡ ಬಂದು ಮಸುಕಿನ ದುಂಡು ಚುಕ್ಕಿಗಳು ಬೆಕ್ಕಿನ ಕಣ್ಣಿನ ಆಕಾರಕ್ಕೆ ಕತ್ತರಿಸಿಹೋಗುತ್ತವೆ, ಜೊತೆಗೆ ಫೋಕಸ್ಸಿನ ತಲ ಚಪ್ಪಟೆಯಾಗಿರದೆ ಬಾಗಿರುತ್ತದೆ. ಚಷ್ಮೆಯಲ್ಲಿ ಇಂಥ ಬಾಗು ಕಂಡರೆ ಗಿರಾಕಿ ವಾಪಸ್ ತಂದು ಕೌಂಟರ್ ಮೇಲೆ ಎಸೆಯುತ್ತಾನೆ. ಇಲ್ಲಿ ಅದನ್ನೇ ಕಲೆ ಎನ್ನುತ್ತೇವೆ. ಫೈವ್ ಗಾರ್ಡನ್ಸ್‌ನ ಮರಗಳ ಮುಂದೆ ಶೆಟ್ರು ಇಂಥ ಚಿತ್ರ ತೆಗೆದು ತೆಗೆದು ತಂದರು. ಪ್ರತಿ ಚಿತ್ರದ ಹಿಂದೆ ಎಲೆ ಗಿರಗಿಟ್ಲೆ. ಕೊನೆಗೆ ಹುಡುಗಿ ಪ್ರಿಂಟುಗಳನ್ನು ಟೇಬಲ್ ಮೇಲೆ ಹರಡಿ ಹೇಳಿದಳು: ‘ಕಾಕಾ, ಎಲ್ಲಾ ಫೋಟೋದಾಗೂ ಗಿಡದ ಎಲಿ ಗರಗರ ತಿರಗಾಕತ್ಯಾವ. ಮನಶ್ಯಾ ಎಲ್ಲದಾನ?’ ಶೆಟ್ರು ಮಾತಾಡಲಿಲ್ಲ. ಇಡ್ಲಿ ತಣ್ಣಗಾಯಿತು. ಮುಂದಿನ ಭಾನುವಾರ ಅವರು ತಂದದ್ದು ಹೋಟೆಲಿನ ಹಿತ್ತಿಲಲ್ಲಿ ತೆಂಗಿನಕಾಯಿ ತುರಿಯುವವನ ಚಿತ್ರ, ಹಿನ್ನೆಲೆ ಬರೀ ಹೊಗೆ ಹಿಡಿದ ಗೋಡೆ. ಒಂದು ಮೀಟರ್ ದೂರ, ಎಫ್ 2. ಸ್ಪಷ್ಟವಾಗಿರುವುದು ಮೂರೂವರೆ ಸೆಂಟಿಮೀಟರ್ ಆಳ ಮಾತ್ರ, ಅಷ್ಟರಲ್ಲಿ ಎರಡು ಕಣ್ಣೂ ಹುಬ್ಬಿನ ಮೇಲೆ ಹಾರಿ ಕೂತ ಕಾಯಿತುರಿಯೂ ಬಿದ್ದಿವೆ. ಆ ಪ್ರಿಂಟನ್ನು ಹುಡುಗಿ ಕೇಳಿ ತೆಗೆದುಕೊಂಡಳು.

ಮಾಮನ ಕಣ್ಣಿನ ವಿಷಯ ಹೇಳದೆ ಈ ಪತ್ರ ಮುಗಿಯುವುದಿಲ್ಲ, ಅದು ನನ್ನ ಕಸುಬಿಗೂ ಸೇರಿದ್ದು. ಮಾಮನ ಹತ್ತಿರ ಜಪಾನಿನ ಅಸಾಹಿ ಕಂಪನಿಯ ಸೂಪರ್ ಟಾಕುಮಾರ್ 50 ಎಂಎಂ, ಎಫ್ 1.4 ಇದೆ. ಆ ಕಾಲದಲ್ಲಿ ಕೆಲವು ಲೆನ್ಸುಗಳ ಗಾಜಿಗೆ ಥೋರಿಯಂ ಬೆರೆಸುತ್ತಿದ್ದರು. ಬೆಳಕನ್ನು ಹೆಚ್ಚು ಬಾಗಿಸಿಯೂ ಬಣ್ಣಗಳನ್ನು ಹೆಚ್ಚು ಚದರಿಸದ ಗಾಜು ಬೇಕಿತ್ತು, ಅದಕ್ಕಾಗಿ. ಥೋರಿಯಂ ಸಣ್ಣಗೆ ವಿಕಿರಣ ಬಿಡುತ್ತದೆ, ಮಾಮೂಲಿ ಬಳಕೆಗೆ ಭಯಪಡುವಷ್ಟಲ್ಲ. ಆದರೆ ದಶಕಗಳು ಕಳೆದಂತೆ ಆ ವಿಕಿರಣಕ್ಕೆ ಗಾಜೇ ಚಹಾದ ಬಣ್ಣಕ್ಕೆ ತಿರುಗುತ್ತದೆ. ಮಾಮನ ಲೆನ್ಸ್ ಹಳದಿಯಾಗಿದೆ ಎಂದು ನಾವೆಲ್ಲ ಹೇಳಿದರೂ ಅವರು ಒಪ್ಪುತ್ತಿರಲಿಲ್ಲ. ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿ ಬಿಳಿಯಾಗಿಯೇ ಕಾಣಲು ಕ್ಯಾಮೆರಾ ಬಣ್ಣ ತಿದ್ದುವ ಏರ್ಪಾಡನ್ನು, ಬಿಸಿಲಿಗೇ ಕಟ್ಟಿಹಾಕಿ ಬಿಡುವ ಮನುಷ್ಯ, ಕ್ಯಾಮೆರಾ ತಿದ್ದುವುದಕ್ಕೂ ಅವಕಾಶ ಕೊಡುವವರಲ್ಲ. ‘ಬೆಳ್ಳಗೇ ಇದೆಯಲ್ಲ’ ಎನ್ನುತ್ತಿದ್ದರು.

ಮಾಮನಿಗೆ ಕಣ್ಣಿನ ಪೊರೆ ಬೆಳೆದಿತ್ತು. ವಯಸ್ಸಾದ ಕಣ್ಣಿನ ಒಳಗಿನ ಮಸೂರವೂ ಹಳದಿಯಾಗುತ್ತದೆ, ನಿಧಾನವಾಗಿ ಆಗುವುದರಿಂದ ಆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಒಂದು ಕಣ್ಣಿನ ಆಪರೇಷನ್ ಆಯಿತು, ಸ್ವಚ್ಛವಾದ ಕೃತಕ ಮಸೂರ ಕೂತಿತು. ಪಟ್ಟಿ ಬಿಚ್ಚಿದ ಮೇಲೆ ಮಾಮ ನನ್ನ ಅಂಗಡಿಗೆ ತಮ್ಮ ಹಳೆಯ ಪ್ರಿಂಟುಗಳ ಕಟ್ಟು ಹಿಡಿದುಕೊಂಡು ಬಂದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ‘ಹೆಂಡತಿಯ ಬಿಳಿ ಸೀರೆಯನ್ನು ಇಷ್ಟು ವರ್ಷ ಕೆನೆ ಬಣ್ಣದ್ದು ಎಂದುಕೊಂಡು ಫೋಟೋ ತೆಗೆದಿದ್ದೇನಲ್ಲೋ, ನೀವು ಯಾರೂ ಜೋರಾಗಿ ಹೇಳಲಿಲ್ಲ!’ ಹೇಳಿದ್ದೆವು, ಜೋರಾಗಿಯೇ.

ಗಾಜಿನ ಹಳದಿಗೆ ಮದ್ದು ಅತಿನೇರಳೆ ಬೆಳಕು. ಬಿಸಿಲಿನಲ್ಲಿ ಕಪ್ಪಾಗುವ ಕನ್ನಡಕವನ್ನು ಗಿರಾಕಿಗೆ ತೋರಿಸಲು ನನ್ನಲ್ಲಿ ಆ ದೀಪ ಇದೆ. ದಿನದ ಬಿಸಿಲು ಕಿಟಕಿಯಲ್ಲಿ, ರಾತ್ರಿ ಆ ದೀಪದಡಿ, ವಾರಗಟ್ಟಲೆ ಇಟ್ಟ ಮೇಲೆ ಟಾಕುಮಾರ್ ತಿಳಿಯಾಯಿತು. ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಬಿಸಿಲಿಗೆ ಇಟ್ಟ ಲೆನ್ಸು ಬೆಂಕಿ ಹಚ್ಚಬಲ್ಲದು. ಹಿಂಬದಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಪರದೆ, ಕಾಗದ, ಸೋಫಾಗಳಿಂದ ದೂರ ಇಡಿ.

ಮತ್ತೊಂದು ಮಾತು, ಕಣ್ಣು ಮಂದವಾಯಿತು ಎಂದು ಕ್ಯಾಮೆರಾ ಕಪಾಟಿಗೆ ಸೇರಿಸಿದ ಹಿರಿಯರಿಗೆ. ಕ್ಯಾಮೆರಾದ ಕಣ್ಣಿಡುವ ಕಿಂಡಿಯ ಪಕ್ಕ ಒಂದು ಪುಟ್ಟ ಗಾಲಿ ಇರುತ್ತದೆ. ಅದು ನಿಮ್ಮ ನಂಬರಿಗೆ ಕಿಂಡಿಯನ್ನು ಹೊಂದಿಸುವ ಗಾಲಿ. ಕಿಂಡಿಯೊಳಗಿನ ಅಕ್ಷರಗಳು ಚೂಪಾಗುವ ತನಕ ಅದನ್ನು ತಿರುಗಿಸಿ, ಆಮೇಲೆ ಲೆನ್ಸಿನ ಉಂಗುರ ಮುಟ್ಟಿ. ಫೋಕಸ್ ಸಿಗುವುದಿಲ್ಲ ಎಂದು ನನ್ನ ಹತ್ತಿರ ಬಂದವರಲ್ಲಿ ಬಹಳ ಜನರ ಕಣ್ಣು ಸರಿ ಇತ್ತು, ಗಾಲಿ ಮಾತ್ರ ಅಲುಗಾಡಿತ್ತು.

ಇನ್ನು ಮುಂಬಯಿಯ ಮಳೆ. ಲೆನ್ಸಿಗೆ ದೊಡ್ಡ ಶತ್ರು ಫಂಗಸ್. ಗಾಳಿಯ ತೇವ, ಕತ್ತಲೆ, ಅಲುಗಾಡದ ಗಾಳಿ, ಮೂರೂ ಸಿಕ್ಕರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಹಬ್ಬುತ್ತದೆ. ಬೇಗ ಹಿಡಿದರೆ ಒರೆಸಿ ತೆಗೆಯಬಹುದು. ತಡವಾದರೆ ಅದು ಬಿಡುವ ಆಮ್ಲ ಮೇಲಿನ ಲೇಪನವನ್ನೇ ಕೊರೆಯುತ್ತದೆ, ಅದಕ್ಕೆ ಉಪಾಯ ಇಲ್ಲ. ಚರ್ಮದ ಚೀಲದಲ್ಲಿ ಜೋಪಾನ ಮಾಡಿದ್ದೇವೆ ಎನ್ನುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ, ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಹರಳು ಸಾಕು. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದು ಅರ್ಥ, ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ. ನನ್ನ ಅಂಗಡಿಯಲ್ಲಿ ತೇವ ಹಿಡಿತದಲ್ಲಿಡುವ ಪೆಟ್ಟಿಗೆ ಇದೆ. ಜೂನ್ ಬಂತೆಂದರೆ ಎಲ್ಲರ ಲೆನ್ಸುಗಳೂ ತುಳುನಾಡಿನಲ್ಲಿ ಆಟಿ ತಿಂಗಳು ಕೂರಲು ತವರಿಗೆ ಬರುವ ಮದುಮಗಳಂತೆ ನನ್ನಲ್ಲಿಗೆ ಬರುತ್ತವೆ. ಬಂದವು ಸುಮ್ಮನೆ ಇರುವುದಿಲ್ಲ. ಇಂಥವರ ಲೆನ್ಸನ್ನು ಇಂಥವರು ಒಂದು ವಾರಕ್ಕೆ ಒಯ್ಯುತ್ತಾರೆ, ಬದಲಿಗೆ ತಮ್ಮದನ್ನು ಬಿಡುತ್ತಾರೆ. ಸೆಪ್ಟೆಂಬರಿನ ಹೊತ್ತಿಗೆ ಯಾವುದು ಯಾರದ್ದು ಎಂದು ನೋಡಲು ನನ್ನ ರಿಜಿಸ್ಟರೇ ಬೇಕು.

ಹಾಗೆ ಒಯ್ದಾಗ ಒಮ್ಮೆ ದಾದರ್ ಸ್ಟೇಷನ್ನಿನ ಮೆಟ್ಟಿಲಲ್ಲಿ ದಾದಾನ ಟೆಸ್ಸಾರ್ ಶೆಟ್ರ ಕೈಯಿಂದ ಬಿತ್ತು. ಮುಂದಿನ ರಿಮ್ ಡೊಂಕಾಯಿತು, ಗಾಜಿಗೆ ಏನೂ ಆಗಲಿಲ್ಲ. ಚೋರ್ ಬಜಾರಿನ ರಿಪೇರಿ ಚಾಚಾ ಮರದ ಅಚ್ಚಿಟ್ಟು ತಟ್ಟಿ ಸರಿಮಾಡಿದರು, ಗುರುತು ಉಳಿಯಿತು. ಶೆಟ್ರು ಅದರ ಬೆಲೆ ಕೊಡಲು ಹೋದರೆ ದಾದಾ ಎರಡು ಪ್ಲೇಟ್ ಮಸಾಲೆ ದೋಸೆಗೆ ಲೆಕ್ಕ ಚುಕ್ತಾ ಮಾಡಿದರು. ಈಗಲೂ ಆ ಹೋಟೆಲಿಗೆ ಹೋದರೆ ‘ಇನ್ನೊಂದು ಬಾಕಿ ಇದೆ’ ಎನ್ನುತ್ತಾರೆ.

ಚಿತ್ರ ಹಂಚಿಕೊಳ್ಳುವ ಹವ್ಯಾಸ ಈ ನಗರಕ್ಕೆ ಹೊಸದೂ ಅಲ್ಲ. 1854ರಲ್ಲೇ ಇಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಡಾ. ನಾರಾಯಣ ದಾಜಿಯಂಥ ನಮ್ಮವರೂ ಅದರಲ್ಲಿದ್ದರು, ವೃತ್ತಿಯಿಂದ ವೈದ್ಯರು. 1856ರಿಂದ 1858ರವರೆಗೆ ಜಾನ್ಸನ್ ಮತ್ತು ಹೆಂಡರ್ಸನ್ ಎಂಬ ಇಬ್ಬರು, ಹವ್ಯಾಸಿಗಳು ತೆಗೆದ ಚಿತ್ರಗಳ ಆಲ್ಬಮ್ಮನ್ನು ಇಲ್ಲಿಂದ ಸಂಚಿಕೆಗಳಾಗಿ ಹೊರಡಿಸಿದರು, ಪುಟಕ್ಕೆ ನಿಜವಾದ ಪ್ರಿಂಟುಗಳನ್ನೇ ಅಂಟಿಸಿ. ಆಗಲೂ ಒಂಟಿಯಾಗಿ ಇದ್ದವರಲ್ಲ.

ಈಗ ನಿಮ್ಮ ಪತ್ರಿಕೆಯ ಮೇಲಿನ ನನ್ನ ದೂರಿಗೆ ಬರುತ್ತೇನೆ. ನಿಮ್ಮಲ್ಲಿ ಓದುಗರ ಫೋಟೋಗಳಿಗೆ ಒಂದು ಜಾಗ ಇದೆ. ಧಾರವಾಡದ ಹುಡುಗಿ ಅದಕ್ಕೆ ಒಂದು ಚಿತ್ರ ಕಳುಹಿಸಿದ್ದಳು: ಮಾಟುಂಗದ ಹೂವಿನ ಸಾಲಿನಲ್ಲಿ ಅಜ್ಜಿಯೊಬ್ಬರು ಮಲ್ಲಿಗೆ ಕಟ್ಟುತ್ತ, ನಾರನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪಕ್ಕದವಳ ಮಾತಿಗೆ ನಗು ತಡೆದುಕೊಂಡು ಕೂತದ್ದು. ಮಾಮನ ಟಾಕುಮಾರ್, ತಿಳಿಯಾದ ಮೇಲೆ ತೆಗೆದ ಮೊದಲ ಚಿತ್ರಗಳಲ್ಲಿ ಒಂದು. ‘ಲೆನ್ಸ್ ಮತ್ತು ಅಪರ್ಚರ್ ಮಾಹಿತಿ ಅಪೂರ್ಣ’ ಎಂದು ವಾಪಸ್ ಬಂತು. ಫೈಲಿನಲ್ಲಿ ಆ ಜಾಗ ಖಾಲಿ ಇತ್ತು, ನಿಜ. ಅವಳು ಪತ್ರದಲ್ಲಿ ಬರೆದಿದ್ದಳು, ಅದನ್ನು ಯಾರೂ ಓದಲಿಲ್ಲ ಎಂದು ಕಾಣುತ್ತದೆ.

ನನ್ನ ಕೋರಿಕೆ ಸಣ್ಣದು. ಫೈಲು ಹೇಳದ್ದನ್ನು ಮನುಷ್ಯರು ಬರೆದು ಕಳುಹಿಸಿದರೆ ಅದನ್ನು ಮಾಹಿತಿ ಎಂದು ಒಪ್ಪಿಕೊಳ್ಳಿ. ಮತ್ತು ಕೈಗಡ ತಂದ ಲೆನ್ಸಿನ ಚಿತ್ರವಾದರೆ ಕೆಳಗೆ ಎರಡು ಹೆಸರು ಹಾಕಿ: ತೆಗೆದವರದ್ದು, ಕೊಟ್ಟವರದ್ದು. ನಿಮಗೆ ಅರ್ಧ ಸಾಲಿನ ಖರ್ಚು. ಅಂಥ ಎರಡು ಹೆಸರಿನ ಚಿತ್ರಗಳು ಎಷ್ಟು ಬರುತ್ತವೆ ಎಂದು ನೋಡಿದ ಮೇಲೆ ನಿಮ್ಮ ಲೇಖಕರು ಒಂಟಿ ಗಂಡಸರ ಬಗ್ಗೆ ಮತ್ತೊಮ್ಮೆ ಬರೆಯಲಿ.

ಓದುಗರಿಗೂ ಒಂದು ಮಾತು. ಚಾಳುಗಳು ಒಡೆದು ಟವರ್ ಏಳುವ ಕಾಲ ಇದು. ಖೋಲಿ ಖಾಲಿ ಮಾಡುವಾಗ ಅಟ್ಟದ ಮೇಲಿನ ಹಳೆಯ ಯಾಶಿಕಾ, ಝೆನಿತ್, ಪೆಂಟಾಕ್ಸುಗಳು ರದ್ದಿಯವನ ತಕ್ಕಡಿಗೆ ಹೋಗುತ್ತಿವೆ, ಆಲ್ಬಮ್ಮುಗಳ ಸಮೇತ. ತೂಕಕ್ಕೆ ಹಾಕುವ ಮೊದಲು ಲೆನ್ಸನ್ನು ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಎಳೆ ಎಳೆ ಕಾಣದಿದ್ದರೆ, ಉಂಗುರ ತಿರುಗಿದರೆ, ಒಳಗಿನ ಎಲೆಗಳು ಎಣ್ಣೆಯಿಲ್ಲದೆ ತೆರೆದು ಮುಚ್ಚಿದರೆ ಅದಕ್ಕೆ ಇನ್ನೂ ಕೆಲಸ ಇದೆ. ಮಾರುವುದಾದರೆ ಮಾರಿ, ತಪ್ಪಲ್ಲ. ಆದರೆ ಮನೆಯಲ್ಲೋ ಪಕ್ಕದ ಮನೆಯಲ್ಲೋ ತಿರುಗಿಸಿ ನೋಡುವ ಹುಡುಗ ಹುಡುಗಿಯರು ಇದ್ದಾರೆಯೇ ಎಂದು ಮೊದಲು ಕೇಳಿ. ಆಲ್ಬಮ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ.

ಪತ್ರ ಉದ್ದವಾಯಿತು, ಗೊತ್ತಿದೆ. ಜಾಗ ಸಾಲದಿದ್ದರೆ 1854ರ ಪ್ಯಾರಾ ತೆಗೆಯಿರಿ, ಟೆಸ್ಸಾರಿಗೆ ನಾನು ಮಾಡಿದ ನಮಸ್ಕಾರವನ್ನೂ ಬೇಕಾದರೆ ತೆಗೆಯಿರಿ. ಎರಡು ಹೆಸರಿನ ಕೋರಿಕೆ ಇರಲಿ. ಮಲ್ಲಿಗೆ ಅಜ್ಜಿಯ ಚಿತ್ರದ ಪ್ರಿಂಟನ್ನು ಹುಡುಗಿಯ ಒಪ್ಪಿಗೆ ಪಡೆದು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನೀವು ಕೇಳಿದ ಮಾಹಿತಿಯೆಲ್ಲ ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿದೆ.

ಇತಿ,
ಕನ್ನಡಕದ ಅಂಗಡಿಯವ
ಮುಲುಂಡ್, ಮುಂಬಯಿ